ಹುಷಾರಾದವರ ಮನೆಗೆ ಹೋಗುವಂತಿಲ್ಲ

“ಬದುಕಿರೋದೇ ಬೇಡ ಅನ್ಸುತ್ತೆ ಮೇಡಂ, ದಿನಾ ಅನ್ಸುತ್ತೆ,” ಎಂದಳು ಹುಡುಗಿ, ಜೆರಾಕ್ಸ್ ಯಂತ್ರಕ್ಕೆ ಹಾಳೆ ತುಂಬುತ್ತ. ಮರುಕ್ಷಣವೇ ಗಿರಾಕಿಯ ಕಡೆ ತಿರುಗಿ, “ಎರಡೂ ಕಡೆ ಬೇಕಾ ಸಾರ್, ಒಂದೇ ಕಡೆ ಸಾಕಾ?” ಎಂದು ಹಲ್ಲು ಕಾಣುವಂತೆ ನಕ್ಕಳು.

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ತಪಾಸಣೆಯವಳು ಪೆನ್ನು ಹಿಡಿದು ಆ ನಗುವನ್ನೇ ನೋಡಿದಳು. ಸಾಯುವ ಯೋಚನೆ ಹೊಕ್ಕ ಎಳೆಯರನ್ನು ಉಳಿಸಿಕೊಳ್ಳಲು ಊರೂರಲ್ಲಿ ಕಾರ್ಯಕ್ರಮಗಳು ನಡೆಯುತ್ತಿದ್ದವು. ಅವುಗಳಿಂದ ಉಪಯೋಗವಿದೆಯೋ, ಬರೀ ಹೆಸರಿಗಷ್ಟೇ ಇವೆಯೋ ನೋಡಿ ಬರೆಯುವುದು ಅವಳ ಕೆಲಸ. ಹೋದಲ್ಲೆಲ್ಲ ಜನ ಕುರ್ಚಿ ಒರೆಸಿ ಕೂರಿಸುತ್ತಿದ್ದರು, ಬೆನ್ನ ಹಿಂದೆ ‘ಮಾರ್ಕ್ಸ್ ಹಾಕೋ ಮೇಡಂ’ ಎನ್ನುತ್ತಿದ್ದರು. ಸಂಜೆಯಾದರೆ ಲಾಡ್ಜಿನ ಕೋಣೆ. ಊಟ ಆಯ್ತಾ ಎಂದು ಫೋನು ಮಾಡುವವರು ಯಾರೂ ಇರಲಿಲ್ಲ.

ಈ ಊರಿನ ಪದ್ಧತಿ ಸರಳವಾಗಿತ್ತು. ಬಡಾವಣೆಯ ಹಿರಿಯರೊಬ್ಬರು ಒಂದು ಮಗುವನ್ನು ವಹಿಸಿಕೊಂಡು ವಾರವಾರ ಮನೆಗೆ ಹೋಗಿ ಮಾತಾಡಿಸಬೇಕು, ಏಳುವ ಮುಂಚೆ ಕೆಲವು ಪ್ರಶ್ನೆ ಕೇಳಬೇಕು. ಚೆನ್ನಾಗಿದ್ದೇನೆ ಎಂಬ ಉತ್ತರ ಕೆಲವು ವಾರ ಬಿಡದೆ ಬಂದರೆ ಭೇಟಿ ಅಲ್ಲಿಗೆ ನಿಲ್ಲುತ್ತದೆ, ಆ ಹಿರಿಯರು ಇನ್ನೊಬ್ಬರ ಮನೆಗೆ ಹೋಗುತ್ತಾರೆ. ಉಳಿದ ಹಿರಿಯರೆಲ್ಲ ಒಂದಾದ ಮೇಲೊಂದು ಮಗುವನ್ನು ದಡ ಮುಟ್ಟಿಸಿದ್ದರು. ಬಸ್ಸಿನ ಕೆಲಸದಿಂದ ನಿವೃತ್ತರಾದ ಕಂಡಕ್ಟರ್ ಅಂಕಲ್ ಮಾತ್ರ ವರ್ಷವಾದರೂ ಈ ಒಬ್ಬ ಹುಡುಗಿಯ ಹತ್ತಿರವೇ ನಿಂತಿದ್ದರು. “ಒಳ್ಳೇ ಮನುಷ್ಯ, ಆದ್ರೆ ಕೈಗುಣ ಇಲ್ಲ,” ಎಂದಿದ್ದ ಕಾರ್ಯಕ್ರಮದ ಮೇಲ್ವಿಚಾರಕ. “ನೀವೊಂದು ಮಾತು ಬರೆದ್ರೆ ಅವರನ್ನ ಬಿಡಿಸಿಬಿಡ್ತೀವಿ.”

ಗಿರಾಕಿ ಹೋದ ಮೇಲೆ ತಪಾಸಣೆಯವಳು ಕೇಳಿದಳು, “ಊಟ ಸೇರುತ್ತಾ?”

“ಸೇರುತ್ತೆ.”

“ನಿದ್ದೆ?”

“ಅತ್ತಿಗೆ ನೀರು ಚೆಲ್ಲಿ ಎಬ್ಬಿಸ್ಬೇಕು!”

“ಮತ್ತೆ ಯಾಕಮ್ಮ ಹಾಗಂದೆ?”

ಹುಡುಗಿಯ ಕೈ ನಿಂತಿತು. ಮುಖ ಸಣ್ಣದಾಯಿತು. “ಹೋದ ವರ್ಷ ನಿಜವಾಗ್ಲೂ ಹಾಗೇ ಇತ್ತು ಮೇಡಂ. ಈಗಿಲ್ಲ. ಆದ್ರೆ ಇಲ್ಲ ಅಂದ್ಬಿಟ್ರೆ ಅಂಕಲ್ ಬರಲ್ಲ. ಹುಷಾರಾದವರ ಮನೆಗೆ ಹೋಗೋ ಹಾಗಿಲ್ವಂತೆ.”

“ಮನೇಲಿ ಅಣ್ಣ ಅತ್ತಿಗೆ ಇದ್ದಾರಲ್ಲ?”

“ಇದ್ದಾರೆ. ಬಾಗಿಲು ಹಾಕು, ಹಾಲು ಉಕ್ಕುತ್ತೆ ನೋಡು ಅಂತಾರೆ. ಅಂಕಲ್ ಆದ್ರೆ ‘ಏನಾಯ್ತು ಹೇಳವ್ವಾ’ ಅಂತ ಚಪ್ಪಲಿ ಬಿಟ್ಟು ಕೂತ್ಕೋತಾರೆ.”

ತಪಾಸಣೆಯವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಎಷ್ಟೋ ಊರಿನ ಮಕ್ಕಳ ಉತ್ತರಗಳನ್ನು ನಂಬಿ ತಾನು ಏನೇನು ಬರೆದಿದ್ದೆನೋ ಎಂದು ಭಯವಾಯಿತು.

“ಅಂಕಲ್ ಪಾಡೇನು ಅಂತ ಯೋಚಿಸಿದ್ದೀಯಾ?” ಎಂದಳು ಮೆಲ್ಲಗೆ.

ಹುಡುಗಿಯ ಕಣ್ಣು ತುಂಬಿತು. “ನೀವೇ ಹೇಳ್ಬಿಡಿ ಮೇಡಂ. ನಂಗೆ ಅವರಿಗೆ ಮುಖ ತೋರ್ಸೋಕಾಗಲ್ಲ.”

ಸಂಜೆ ಹೋದಾಗ ಕಂಡಕ್ಟರ್ ಅಂಕಲ್ ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಒಂಟಿ ಜೀವ. ಮಾತಿನ ಮಧ್ಯೆ ಮಧ್ಯೆ ಜೇಬಿನಿಂದ ಫೋನು ತೆಗೆದು ನೋಡುತ್ತಿದ್ದರು. “ಬಚ್ಚಲಿಗೂ ತಗೊಂಡು ಹೋಗ್ತೀನಿ. ಆ ಮಗು ಯಾವಾಗ ಕರೆಯುತ್ತೋ ಏನೋ. ನನ್ನಿಂದ ಆಗ್ಲಿಲ್ಲ ಮೇಡಂ. ಬೇರೆ ಯಾರನ್ನಾದ್ರೂ ಕಳಿಸಿ, ಅವಳು ಉಳೀಲಿ.”

ತಪಾಸಣೆಯವಳು ನಡೆದದ್ದನ್ನು ಹೇಳಿದಳು. ಅವರು ಎಲ್ಲವನ್ನೂ ಕೇಳಿ, ಇನ್ನೊಮ್ಮೆ ಹೇಳಿಸಿಕೊಂಡು, ಟವಲಿನಲ್ಲಿ ಮುಖ ಮುಚ್ಚಿಕೊಂಡರು. “ಹಾಳಾದ ಹುಡುಗಿ! ವರ್ಷವಿಡೀ ನನ್ನ ಪ್ರಾಣ ತಿಂದ್ಳಲ್ಲ!” ಎಂದು ಬೈಯುತ್ತ ಬೈಯುತ್ತ ಅತ್ತರು. ಆಮೇಲೆ ಮೂಗು ಒರೆಸಿಕೊಂಡು, “ಮುಂದಿನ ವಾರ ಹೋಗ್ಬಹುದಾ?” ಎಂದರು.

“ನಿಯಮದ ಪ್ರಕಾರ ಇಲ್ಲ. ಹುಷಾರಾದ ಮೇಲೂ ಹೋಗ್ತಿರ್ಬೇಕು ಅಂತ ನಾನು ಬರೀತೀನಿ. ಒಪ್ತಾರೋ ಇಲ್ವೋ ಗೊತ್ತಿಲ್ಲ.” ಅವಳು ತಡೆದು ಹೇಳಿದಳು, “ಏನೇ ಆಗ್ಲಿ, ನೀವು ಹೋಗಿ.” ನಿಯಮ ಮುರಿಯಿರಿ ಎಂದು ಅವಳು ಅಲ್ಲಿಯವರೆಗೆ ಯಾರಿಗೂ ಹೇಳಿದವಳಲ್ಲ.

ಅವರು ಖುಷಿಯಿಂದ ಲಾಡ್ಜಿನವರೆಗೂ ಜೊತೆಗೆ ನಡೆದು ಬಂದರು. ಬಸ್ಸಿನ ದಿನಗಳ ತಮಾಷೆಗಳನ್ನು ಹೇಳಿ ನಗಿಸಿದರು. ಯಾರಾದರೂ ಪಕ್ಕದಲ್ಲಿ ನಡೆದು ಎಷ್ಟು ಕಾಲವಾಯಿತು ಎಂದು ಅವಳಿಗೆ ನೆನಪಾಗಲಿಲ್ಲ. ಬಾಗಿಲಲ್ಲಿ ನಿಂತು ಅವರು ಕೇಳಿದರು, “ನೀವು ಹೇಗಿದ್ದೀರಮ್ಮ?” ಕೇಳಿ, ಉತ್ತರಕ್ಕಾಗಿ ನಿಜವಾಗಿಯೂ ಕಾದರು.

“ನನಗೇನು, ಚೆನ್ನಾಗಿದ್ದೀನಿ.” ಬಾಯಿಗೆ ಮೊದಲು ಬಂದದ್ದು ಅದೇ.

“ಅಷ್ಟಾದ್ರೆ ಸಾಕು,” ಎಂದು ಅಂಕಲ್ ಸಮಾಧಾನದಿಂದ ತಲೆಯಾಡಿಸಿ ಹೊರಟರು.

ಅವಳು ಮೆಟ್ಟಿಲ ಮೇಲೇ ನಿಂತಿದ್ದಳು. ಕೂಗಲೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ರಸ್ತೆ ದಾಟಿ, ಆಚೆ ಬದಿಯ ಜನರಲ್ಲಿ ಒಬ್ಬರಾಗಿಬಿಟ್ಟಿದ್ದರು.