ಗೋಡೆಯಾಚೆಯ ಇರುವೆ ಸಾಲು

ನರಸಮ್ಮ ರಾಜಾಜಿನಗರಕ್ಕೆ ಬಂದಾಗ ಅಲ್ಲಿ ಮನೆಗಳಿಗಿಂತ ಖಾಲಿ ಜಾಗವೇ ಹೆಚ್ಚು. ಗಂಡ ಮುನಿರಾಮಯ್ಯ ಬೆಳಗ್ಗೆ ಆರಕ್ಕೆ ಕಾರ್ಖಾನೆಗೆ ಹೊರಟರೆ ಬರುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿರಲಿಲ್ಲ. ಹಗಲೆಲ್ಲ ಮಾತಿಗೆ ಸಿಗುತ್ತಿದ್ದವಳು ಗೋಡೆಗೆ ಗೋಡೆ ಅಂಟಿಕೊಂಡ ಪಕ್ಕದ ಮನೆಯ ಅಂಬುಜಾ ಒಬ್ಬಳೇ.

೧೯೫೬ರ ಮಾಘದಲ್ಲಿ ಅಂಬುಜಾ ಚೊಚ್ಚಲ ಹೆರಿಗೆಗೆ ಕುಣಿಗಲ್ಲಿನ ತವರಿಗೆ ಹೋದಳು. ಬಾಣಂತಿತನಕ್ಕಿರಲಿ ಎಂದು ನರಸಮ್ಮ ಒಂದು ಡಬ್ಬಿ ಅಂಟಿನುಂಡೆ ಕಟ್ಟಿಕೊಟ್ಟಿದ್ದಳು. ಮೂರು ವಾರಕ್ಕೆ ತಂತಿ ಬಂತು. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ಅಂಬುಜಾಳ ಗಂಡ ಬೈರಪ್ಪ ಮನೆಗೆ ಬೀಗ ಹಾಕಿ ಲಗ್ಗೆರೆಯ ಅಣ್ಣನ ಮನೆ ಸೇರಿಕೊಂಡ.

ಯುಗಾದಿ ಕಳೆದ ಮೇಲೆ ನರಸಮ್ಮನ ಅಡುಗೆಮನೆಗೆ ಕೆಂಪಿರುವೆ ಹತ್ತಿದವು. ಮುನಿರಾಮಯ್ಯ ಒಂದು ಪೊಟ್ಟಣ ಡಿಡಿಟಿ ಪುಡಿ ತಂದ.

"ಅನ್ನ ಇಡೋ ಜಾಗ ಕಣ್ರಿ, ಅದು ಬೇಡ" ಎಂದಳು ನರಸಮ್ಮ.

ಅವಳು ಹಾಲಿನ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿಟ್ಟಳು. ಇರುವೆ ಓಡಾಡಿದ ದಾರಿಯನ್ನು ಸೋಪಿನ ನೀರಿನಲ್ಲಿ ಒರೆಸಿದಳು. ಗೋಡೆಯ ಸಂದಿಗೆ ಅರಿಶಿನ ತುಂಬಿದಳು. ಎರಡು ದಿನ ನಿಂತು ಮತ್ತೊಂದು ಬಿರುಕಿನಿಂದ ಬಂದವು. ಕೊನೆಗೆ ಒಂದು ಮಧ್ಯಾಹ್ನ ನೆಲದ ಮೇಲೆ ಕೂತು ಸಾಲನ್ನೇ ನೋಡತೊಡಗಿದಳು. ಇರುವೆಗೂಡು ಹಿತ್ತಲಿನ ಒಗೆಯುವ ಕಲ್ಲಿನ ಕೆಳಗಿತ್ತು. ಆದರೆ ಅವಳ ಅಡುಗೆಮನೆ ಇರುವೆಗಳಿಗೆ ದಾರಿ ಮಾತ್ರ. ಅವು ಗೋಡೆಯೊಳಗೆ ನುಗ್ಗಿ, ಆ ಕಡೆಯಿಂದ ಕಂದು ಬಣ್ಣದ ಚೂರು ಹೊತ್ತು ತರುತ್ತಿದ್ದವು. ಒಂದು ಚೂರನ್ನು ಬೆರಳಲ್ಲಿ ಹಿಸುಕಿದಳು. ಬೆಲ್ಲದ ವಾಸನೆ.

ಗಂಡನ ಕೈಲಿ ಹೇಳಿ ಕಳಿಸಿದಳು. ಭಾನುವಾರ ಬೈರಪ್ಪ ಬಂದು ಬೀಗ ತೆಗೆದನೇ ಹೊರತು ಹೊಸಿಲು ದಾಟಲಿಲ್ಲ. ಒಳಗೆ ನೀವೇ ನೋಡಿ ಎಂದ.

ಅಡುಗೆಮನೆಯ ಗೋಡೆಗೂಡಿನಲ್ಲಿ ನರಸಮ್ಮನದೇ ಡಬ್ಬಿ ಇತ್ತು. ಮುಚ್ಚಳ ಓರೆಯಾಗಿತ್ತು. ಒಳಗೆ ಅರ್ಧದಷ್ಟು ಉಂಡೆ, ಅದರ ಮೇಲೆಲ್ಲ ಇರುವೆ. ತವರಿಗೆ ಒಯ್ಯಲೂ ಇಲ್ಲವೇ ಎಂದು ಅವಳಿಗೆ ಒಂದು ಗಳಿಗೆ ಮನಸ್ಸು ಕಹಿಯಾಯಿತು. ಡಬ್ಬಿ ಹಿಡಿದು ಹೊರಗೆ ಬಂದಳು.

ಬೈರಪ್ಪ ಅದನ್ನು ನೋಡಿ ಮುಖ ತಿರುಗಿಸಿದ. "ಅರ್ಧ ತಗೊಂಡೋದ್ಲು ಅಕ್ಕ. ಇನ್ನರ್ಧ ಮಗೂನ ಎತ್ಕೊಂಡ್ ಬಂದ್ಮೇಲೆ ನಿಮ್ ಜೊತೆ ಕೂತ್ಕೊಂಡು ತಿಂತೀನಿ ಅಂತ ಇಟ್ಟಿದ್ಲು."

ನರಸಮ್ಮ ಉಂಡೆಗಳನ್ನು ದೂರದ ಬಯಲಿಗೆ ಒಯ್ದು ಹೊಂಗೆ ಮರದ ಬುಡದಲ್ಲಿ ಸುರಿದಳು. ಹಿಂತಿರುಗಿ ಬಂದು ಆ ಗೋಡೆಗೂಡನ್ನು ಸೋಪು ಹಾಕಿ ತೊಳೆದಳು. ಗೋಡೆಯ ಬಿರುಕಿಗೆ ಎರಡೂ ಕಡೆಯಿಂದ ಸುಣ್ಣ, ಜೇಡಿಮಣ್ಣು ಕಲಸಿ ಮೆತ್ತಿದಳು. ಅಷ್ಟು ಹೊತ್ತೂ ಬೈರಪ್ಪ ಜಗುಲಿಯ ಮೇಲೆ ಕೂತೇ ಇದ್ದ. ಹೊರಡುವಾಗ, ಬರುವ ತಿಂಗಳು ಮನೆ ಬಿಡುತ್ತೇನೆ ಎಂದ.

ನಾಲ್ಕು ದಿನದಲ್ಲಿ ಇರುವೆ ಪೂರ್ತಿ ನಿಂತವು.

ವೈಶಾಖದಲ್ಲಿ ಪಕ್ಕದ ಮನೆಗೆ ತುಮಕೂರಿನ ಸಂಸಾರವೊಂದು ಬಂತು. ಮೊದಲ ದಿನವೇ ಆ ಹೆಂಗಸು ಬಾಗಿಲಿಗೆ ಬಂದು ಬೆಂಕಿಪೊಟ್ಟಣ ಕೇಳಿದಳು. ನಗುಮುಖದವಳು, ಇನ್ನೂ ಮಾತಾಡುವ ಆಸೆಯಿಂದ ನಿಂತಿದ್ದಳು. ನರಸಮ್ಮ ಬೆಂಕಿಪೊಟ್ಟಣ ಕೊಟ್ಟಳು, ವಾಪಸು ಕೊಡಬೇಕಿಲ್ಲ ಎಂದಳು. ಹೆಸರು ಕೇಳಲಿಲ್ಲ.