ಆಲೆಮನೆಯ ಮೇಲೆ ಬಿದ್ದ ತಟ್ಟೆ

ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ತಿರುನಾರಾಯಣ ಮೇಷ್ಟ್ರಿಗೆ ಒಂದು ಹುಚ್ಚಿತ್ತು. ಬೇರೆ ಮೇಷ್ಟ್ರುಗಳು ಭಾನುವಾರ ಬಂತೆಂದರೆ ಇಸ್ಪೀಟಿಗೋ ಮನೆಪಾಠಕ್ಕೋ ಕೂರುತ್ತಿದ್ದರು. ಇವರು ಮಾತ್ರ ಹೆಗಲಿಗೆ ಬಟ್ಟೆಚೀಲ ಏರಿಸಿ, ಆಕಾಶದಲ್ಲಿ ಏನನ್ನೋ ಕಂಡೆವೆಂದವರ ಮನೆ ಹುಡುಕಿಕೊಂಡು ಹೊರಡುತ್ತಿದ್ದರು. ಎಪ್ಪತ್ಮೂರರ ಕೊನೆಯಲ್ಲಿ ಭಾರಿ ಧೂಮಕೇತು ಬರುತ್ತದೆಂದು ಪತ್ರಿಕೆಗಳು ಡಂಗುರ ಹೊಡೆದಿದ್ದವು. ಧೂಮಕೇತು ಬರಿಗಣ್ಣಿಗೆ ನೆಟ್ಟಗೆ ಕಾಣಿಸಲಿಲ್ಲ. ಆದರೆ ಅದಕ್ಕಾಗಿ ಕತ್ತೆತ್ತಿದ ಜನಕ್ಕೆ ಇನ್ನೇನೇನೋ ಕಾಣಿಸತೊಡಗಿತು. ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲಿ ಹೋದರೂ ಹಾರುವ ತಟ್ಟೆಯದೇ ಮಾತು.

ಮೇಷ್ಟ್ರು ಒಂದೊಂದನ್ನೂ ಬೆನ್ನು ಹತ್ತಿದರು. ಹೊಳಲಿನವರು ಸಂಜೆ ಹೊತ್ತು ತೆಂಗಿನ ತಲೆಯ ಮೇಲೆ ಕಂಡ ತಟ್ಟೆ ಶುಕ್ರಗ್ರಹ. ಮಂಡ್ಯದ ಹೊರಗಿನವರು ಕಂಡ ಕೆಂಪು ಗೋಳ, ಮೋಡಕ್ಕೆ ಬಡಿದ ಸಕ್ಕರೆ ಕಾರ್ಖಾನೆಯ ಬೆಳಕು. ಬಂಡೂರಿನಲ್ಲಿ ಕುರಿ ಕಾಯುವವರು ದಿಕ್ಕೆಟ್ಟು ಓಡುವಂತೆ ಮಾಡಿದ್ದ ಸಾಲುದೀಪ, ದಿಬ್ಬದ ಆಚೆ ಹೋಗುತ್ತಿದ್ದ ಮದುವೆ ದಿಬ್ಬಣದ ಪೆಟ್ರೋಮ್ಯಾಕ್ಸು. ಮನೆಗೆ ಬಂದ ಕೂಡಲೇ ಹೆಂಡತಿ ರಂಗನಾಯಕಿ ಕಾಲಿಗೆ ನೀರು ಕೊಡುತ್ತಾ, ‘ಏನಂತೆ ಇವತ್ತು? ಶುಕ್ರನೋ, ಪೆಟ್ರೋಮ್ಯಾಕ್ಸೋ?’ ಎಂದು ಕೇಳುತ್ತಿದ್ದಳು. ಮೇಷ್ಟ್ರು ನಗುತ್ತಿದ್ದರು. ಒಳಗೊಳಗೇ ಮಾತ್ರ ಅವರಿಗೊಂದು ಆಸೆಯಿತ್ತು. ಒಂದೇ ಒಂದಾದರೂ ಬಿಡಿಸಲಾಗದ್ದು ಸಿಕ್ಕಬಾರದೇ ಎಂದು. ಸುಳ್ಳನ್ನು ಬಯಲಿಗೆಳೆಯಲು ಹೊರಟವನಿಗೆ ಇಂಥ ಆಸೆ ಇರಬಾರದು, ಆದರೆ ಇತ್ತು.

ಅವರ ಚೀಲದಲ್ಲಿ ಒಂದು ರಟ್ಟು. ಅದರ ಮೇಲೆ ತಾವೇ ಮಸಿಯಲ್ಲಿ ಬರೆದ ಚಿತ್ರಗಳು: ದುಂಡನೆಯದು, ಉದ್ದನೆಯದು, ಗೋಪುರದಂಥದ್ದು, ಬಾಲವಿರುವುದು. ಕಂಡವರು ಕಂಡದ್ದನ್ನು ಮೊದಲು ತಮ್ಮ ಬಾಯಲ್ಲೇ ಹೇಳಬೇಕು, ರಟ್ಟು ತೋರಿಸುವುದೇನಿದ್ದರೂ ಆಮೇಲೆ. ಇದು ಅವರೇ ಮಾಡಿಕೊಂಡಿದ್ದ ಕಟ್ಟಳೆ. ಅದನ್ನು ಅವರು ಮುರಿದದ್ದು ಒಂದೇ ಸಲ, ಕೊಪ್ಪದ ಟೀ ಅಂಗಡಿಯಲ್ಲಿ. ಅಂದು ವಿಚಾರಿಸಲು ಹೋದದ್ದು ಬರೀ ಗಾಳಿಮಾತಾಗಿತ್ತು. ಬಸ್ಸಿಗೆ ಹೊತ್ತಿತ್ತು, ಜನ ಸುತ್ತ ಸೇರಿದ್ದರು, ಮೇಷ್ಟ್ರಿಗೂ ಹುರುಪು. ರಟ್ಟನ್ನು ಕೈಯಿಂದ ಕೈಗೆ ಸಾಗಲು ಬಿಟ್ಟರು. ಒಳಗಿನ ಬೆಂಚುಗಳನ್ನೆಲ್ಲ ಸುತ್ತಿ, ಕೊನೆಗೆ ಅದು ಹೊರಗೆ ಜಗಲಿಯ ಕೆಳಗೆ ನಿಂತು ಟೀ ಕುಡಿಯುವವರ ಕೈಗೂ ಹೋಗಿ ಬಂತು. ‘ಇಂಥದ್ದೇನಾದರೂ ಕಂಡರೆ ಹೆದರದೆ ನನಗೆ ತಿಳಿಸಿ. ಹೇಳಿದವರಿಗೆ ಏನೂ ಆಗೋದಿಲ್ಲ,’ ಎಂದು ಹೇಳಿ ಮೇಷ್ಟ್ರು ಬಸ್ಸು ಹತ್ತಿದ್ದರು.

ಅದಾದ ಕೆಲವು ವಾರಕ್ಕೆ ಕೊಪ್ಪದಿಂದ ಸುದ್ದಿ ಬಂತು. ಊರಾಚೆ ನಾಲೆ ಬದಿಯಲ್ಲಿದ್ದ ಸಿಂಗ್ರಿಗೌಡರ ಆಲೆಮನೆ ರಾತ್ರೋರಾತ್ರಿ ಸುಟ್ಟು ಬೂದಿಯಾಗಿದೆ. ಒಲೆಗೆ ಕಬ್ಬಿನ ಸಿಪ್ಪೆ ಹಾಕುತ್ತಿದ್ದ ಮರಿಸಿದ್ದಯ್ಯ ಎಂಬಾತ ಎರಡೂ ತೋಳು ಬೆಂದು ಮಂಡ್ಯದ ಆಸ್ಪತ್ರೆಯಲ್ಲಿದ್ದಾನೆ. ಅವನ ಭಾವ ಮಹದೇವಯ್ಯನೂ ಅಲ್ಲೇ ಕೆಲಸದಲ್ಲಿದ್ದವನು. ಆಕಾಶದಿಂದ ತಟ್ಟೆ ಬಿದ್ದು ಬೆಂಕಿ ಹತ್ತಿತು, ಕಣ್ಣಾರೆ ಕಂಡೆ ಎನ್ನುತ್ತಿದ್ದಾನೆ. ಗೌಡರ ಕಡೆಯವರು ನಂಬುತ್ತಿಲ್ಲ. ಬೀಡಿ ಸೇದಿ ಎಸೆದವನು ಅವನೇ ಎನ್ನುತ್ತಿದ್ದಾರೆ. ಭಾನುವಾರ ಪಂಚಾಯಿತಿ. ಮದ್ದೂರಿನ ಮೇಷ್ಟ್ರು ಬಂದು ನೋಡಿ ಹೌದೆಂದರೆ ಹೌದು, ಇಲ್ಲವೆಂದರೆ ಮಹದೇವಯ್ಯನನ್ನು ಪೊಲೀಸರಿಗೆ ಒಪ್ಪಿಸುವುದು ಎಂದು ತೀರ್ಮಾನವಾಗಿದೆ.

ಒಬ್ಬನ ತೋಳು ಬೆಂದಿದೆ, ಇನ್ನೊಬ್ಬನ ಕುತ್ತಿಗೆಗೆ ಬಂದಿದೆ ಎಂಬುದೆಲ್ಲ ಮೇಷ್ಟ್ರ ಕಿವಿಗೆ ಬಿತ್ತು ನಿಜ. ಆದರೆ ತಲೆಗೆ ಹೋದದ್ದು ಒಂದೇ: ಕಣ್ಣಾರೆ ಕಂಡವನು ಸಿಕ್ಕಿದ್ದಾನೆ, ಅದೂ ಅಷ್ಟು ಹತ್ತಿರದಿಂದ. ಭಾನುವಾರ ಬೆಳಗಿನ ಮೊದಲ ಬಸ್ಸಿಗೇ ಹೊರಟುಬಿಟ್ಟರು.

ಆಲೆಮನೆ ಇದ್ದ ಜಾಗದಲ್ಲಿ ಸುಟ್ಟ ಕಂಬಗಳು ನಿಂತಿದ್ದವು. ಸೋಗೆಯ ಮಾಡು ಕುಸಿದು ಕೊಪ್ಪರಿಗೆಯೊಳಗೆ ಬಿದ್ದಿತ್ತು. ಕರಕಲು ಬೆಲ್ಲದ ವಾಸನೆಗೆ ಇರುವೆಗಳು ಸಾಲುಗಟ್ಟಿದ್ದವು. ಮಹದೇವಯ್ಯ ಟವೆಲನ್ನು ಕಂಕುಳಲ್ಲಿ ಇಟ್ಟುಕೊಂಡು ದೂರ ನಿಂತಿದ್ದ. ನಲವತ್ತರ ಆಸುಪಾಸಿನ ಗಟ್ಟಿ ಆಳು, ಮುಖ ಮಾತ್ರ ನಿದ್ದೆಗೆಟ್ಟು ಸೋತಿತ್ತು.

‘ನೀನು ಕಂಡದ್ದನ್ನ ನಿನ್ನ ಮಾತಲ್ಲೇ ಹೇಳಪ್ಪ, ಅವಸರ ಬೇಡ,’ ಎಂದರು ಮೇಷ್ಟ್ರು.

‘ಮ್ಯಾಗಿಂದ ಬಂತು ಬುದ್ಧಿ. ದುಂಡಗಿತ್ತು. ಮ್ಯಾಲೊಂದು ಗೋಪ್ರ ಇದ್ದಂಗೆ. ಕೆಳೀಕೆ ಮೂರು ಕಾಲು.’

ಮೇಷ್ಟ್ರು ಆತುರಾತುರವಾಗಿ ಪೆನ್ಸಿಲಿನಲ್ಲಿ ಬರೆದುಕೊಂಡರು. ‘ಇನ್ನೇನಾದರೂ?’

‘ಎಡಗಡೀಕೆ ಒಂದು ಕರೀ ಮಚ್ಚೆ ಇತ್ತು. ಗೊದಮೊಟ್ಟೆ ತರ, ಕೆಳೀಕೆ ಬಾಲ ಬುಟ್ಕಂಡು.’

ಪೆನ್ಸಿಲು ಹಿಡಿದಿದ್ದ ಕೈ ಅಲ್ಲೇ ನಿಂತಿತು. ಅವರ ರಟ್ಟಿನ ಮೂರನೆಯ ಚಿತ್ರ ಗೋಪುರವಿದ್ದ, ಮೂರು ಕಾಲಿನ ತಟ್ಟೆ. ಬರೆಯುವಾಗ ಅದರ ಎಡಗಡೆ ಮಸಿಯ ಹನಿ ಬಿದ್ದು, ಒರೆಸಲು ಹೋಗಿ ಕೆಳಕ್ಕೆ ಎಳೆದುಹೋಗಿತ್ತು. ಕಪ್ಪೆಮರಿಯಂತೆ ಬಾಲ ಬಂದಿತ್ತು. ಆಕಾಶದ ಯಾವ ವಾಹನಕ್ಕೂ ಆ ಮಚ್ಚೆ ಇರಲು ಸಾಧ್ಯವಿರಲಿಲ್ಲ. ಅದು ಮದ್ದೂರಿನ ತಮ್ಮ ಮನೆಯ ಮೇಜಿನ ಮೇಲೆ ಹುಟ್ಟಿದ್ದು.

ಮೇಷ್ಟ್ರಿಗೆ ಮೊದಲು ಬಂದದ್ದು ಸಿಟ್ಟು. ಮೋಸ ಹೋದೆನೆಂಬ ಸಿಟ್ಟಿಗಿಂತಲೂ, ಆಸೆ ತೋರಿಸಿ ಕಿತ್ತುಕೊಂಡನೆಂಬ ಸಿಟ್ಟು. ಚೀಲದಿಂದ ರಟ್ಟನ್ನು ಎಳೆದು ಅವನ ಮುಂದೆ ಹಿಡಿದರು. ‘ಇದೇ ತಾನೆ ನೀನು ಕಂಡದ್ದು?’

ಮಹದೇವಯ್ಯ ರಟ್ಟನ್ನೂ ನೋಡಿದ, ಮೇಷ್ಟ್ರ ಮುಖವನ್ನೂ ನೋಡಿದ. ಅವನಿಗೆ ಅರ್ಥವಾಯಿತು. ಬಗ್ಗಿ ನಾಲೆಯ ಏರಿಯ ಮೇಲೆ ಕೂತುಬಿಟ್ಟ.

‘ನೀವೇ ಯೋಳಿದ್ರಲ್ಲ ಬುದ್ಧಿ, ಟೀ ಅಂಗ್ಡಿ ತಾವ. ಇಂತದ್ದು ಕಂಡೆ ಅಂತ ಯೋಳ್ದೋರ್ಗೆ ಏನೂ ಆಗಾಕಿಲ್ಲ ಅಂತ.’

ಮೇಷ್ಟ್ರು ರಟ್ಟನ್ನು ಚೀಲಕ್ಕೆ ಸೇರಿಸಿದರು. ಮಹದೇವಯ್ಯ ನೀರನ್ನೇ ನೋಡುತ್ತಾ ಉಳಿದದ್ದನ್ನು ಹೇಳಿದ. ಆ ರಾತ್ರಿ ಗೌಡರ ಮಗ ಸ್ನೇಹಿತರನ್ನು ಕಟ್ಟಿಕೊಂಡು ಬಿಸಿ ಬೆಲ್ಲ ತಿನ್ನಲು ಬಂದಿದ್ದ. ಪೆಟ್ರೋಮ್ಯಾಕ್ಸು ಮಂಕಾಯಿತೆಂದು, ಉರಿಯುತ್ತಿದ್ದ ಹಾಗೆಯೇ ಅದಕ್ಕೆ ಸೀಮೆಎಣ್ಣೆ ಸುರಿಯಲು ಹೋದ. ಆರಿಸಿ ಹಾಕಿ ಎಂದು ಮರಿಸಿದ್ದಯ್ಯ ಹೇಳಿದ್ದಕ್ಕೆ, ನನಗೇ ಹೇಳಿಕೊಡ್ತೀಯೇನೋ ಎಂದು ಗದರಿದ. ಭಗ್ಗೆಂದು ಹತ್ತಿಕೊಂಡಾಗ ದೀಪವನ್ನು ಎತ್ತಿ ಎಸೆದ. ಅದು ಬಿದ್ದದ್ದು ಒಣಸಿಪ್ಪೆಯ ರಾಶಿಯ ಮೇಲೆ. ಹುಡುಗರು ಓಡಿಹೋದರು. ಕೊಟ್ಟಿಗೆಯಲ್ಲಿ ಕಟ್ಟಿದ್ದ ಎತ್ತುಗಳನ್ನು ಬಿಚ್ಚಲು ಮರಿಸಿದ್ದಯ್ಯ ಒಳಗೆ ನುಗ್ಗಿದ.

‘ಇದನ್ನೇ ಪಂಚಾಯಿತಿಯಲ್ಲಿ ಹೇಳಬಾರದೇ?’ ಎಂದರು ಮೇಷ್ಟ್ರು. ಕೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು.

‘ಗೌಡರ ಮಗನ ಮ್ಯಾಕೆ ನಾನು ಬೆಟ್ಟು ತೋರ್ಸಿದ್ರೆ ನಾಳೀಕೆ ನಮ್ ಕೇರೀಲಿ ಒಲೆ ಅತ್ತತದಾ ಬುದ್ಧಿ? ಸುಮ್ಕಿದ್ರೆ ನನ್ನೇ ಇಡ್ಕತಾರೆ. ಅದ್ಕೇಯಾ ಆಕಾಸದ ಮ್ಯಾಕೆ ಆಕ್ದೆ. ಆಕಾಸ ಯಾರ್ನೂ ವಡ್ಯಾಕ್ ಬರಾಕಿಲ್ಲ.’

ಅರಳಿಕಟ್ಟೆಯಲ್ಲಿ ಪಂಚಾಯಿತಿ ಸೇರಿದಾಗ ಬಿಸಿಲು ನೆತ್ತಿಯಿಂದ ಇಳಿದಿತ್ತು. ಕಟ್ಟೆಯ ಮೇಲೆ ಹಿರಿಯ ಕೆಂಪಸಿದ್ದಯ್ಯ, ಪಕ್ಕದಲ್ಲಿ ಸಿಂಗ್ರಿಗೌಡರು. ಮಹದೇವಯ್ಯ ಕೆಳಗೆ, ಬಿಸಿಲಲ್ಲಿ. ಗೌಡರ ಮಗ ಬೆಲ್‌ಬಾಟಂ ಪ್ಯಾಂಟು ಹಾಕಿಕೊಂಡು ಹಿಂದೆ ನಿಂತಿದ್ದ. ಬಲಗೈ ಜೇಬಿನಿಂದ ಹೊರಗೆ ಬರುತ್ತಲೇ ಇರಲಿಲ್ಲ. ಮೇಷ್ಟ್ರಿಗೊಂದು ಕುರ್ಚಿ ಹಾಕಿದ್ದರು. ಅವರ ಬಟ್ಟೆಚೀಲ ತೊಡೆಯ ಮೇಲೆ ಕಲ್ಲಿನಷ್ಟು ಭಾರವಾಗಿತ್ತು.

‘ಯೋಳಿ ಮೇಷ್ಟ್ರೇ,’ ಎಂದ ಕೆಂಪಸಿದ್ದಯ್ಯ. ‘ನೀವು ಓದಿದೋರು, ಇದ್ನೇ ಬೆನ್ನತ್ಕಂಡು ತಿರುಗ್ತಿರೋರು. ಮ್ಯಾಗಿಂದ ಬಿದ್ದದ್ದು ದಿಟವಾ, ಇಲ್ಲ ಇವನ ಬುರುಡೆಯಾ?’

ದಿಟವಲ್ಲ ಎಂದರೆ ಮಹದೇವಯ್ಯನಿಗೆ ಜೈಲು. ಗೌಡರ ಮಗನ ಹೆಸರು ಎತ್ತಿದರೆ, ಸಂಜೆ ಬಸ್ಸಿಗೆ ನಾನೇನೋ ಊರು ಬಿಡುತ್ತೇನೆ. ಊರಲ್ಲಿ ಉಳಿಯುವವನು ಇವನು. ಹಾಗೆಂದು ಮೇಷ್ಟ್ರು ಮನಸ್ಸಿನಲ್ಲೇ ಹೇಳಿಕೊಂಡರು. ತಮಗೂ ಗೌಡರ ಕಣ್ಣೆದುರು ಆ ಹೆಸರು ಹೇಳುವ ಎದೆಗಾರಿಕೆ ಇಲ್ಲ ಎಂಬುದನ್ನು ಹೇಳಿಕೊಳ್ಳಲಿಲ್ಲ. ಎದ್ದು ನಿಂತು, ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲೇ ಅಂದರು:

‘ಜಾಗ ನೋಡಿದೆ, ಇವನ ಹೇಳಿಕೆ ತಗೊಂಡೆ. ಮೇಲಿನಿಂದ ಏನೋ ಬಿದ್ದದ್ದು ನಿಜ. ಯಾರ ತಪ್ಪೂ ಇಲ್ಲ.’

ಸಿಂಗ್ರಿಗೌಡರು ಬಿಟ್ಟ ಉಸಿರು ಕುರ್ಚಿಯವರೆಗೂ ಕೇಳಿಸಿತು. ಅವರು ಒಂದು ಮರುಪ್ರಶ್ನೆಯನ್ನೂ ಕೇಳಲಿಲ್ಲ. ‘ಮೇಷ್ಟ್ರೇ ಯೋಳಿದ ಮ್ಯಾಕೆ ಆಯ್ತು ಕಣೇಳಿ,’ ಎಂದು ಟವೆಲು ಕೊಡವಿಕೊಂಡು ಎದ್ದರು. ಕೆಂಪಸಿದ್ದಯ್ಯ ಹೇಳಿ ಬರೆಸಿದ ಕಾಗದಕ್ಕೆ ಮೇಷ್ಟ್ರು ರುಜು ಹಾಕಿದರು. ಮಹದೇವಯ್ಯ ಅಲ್ಲಿಂದಲೇ ಕೈಮುಗಿದ. ಗೌಡರ ಮನೆಯಿಂದ ಹಿತ್ತಾಳೆ ಲೋಟದಲ್ಲಿ ಕಾಫಿ ಬಂತು. ಒಬ್ಬ ಮನುಷ್ಯನನ್ನು ಉಳಿಸಿದೆನಲ್ಲ ಎಂದುಕೊಂಡು ಮೇಷ್ಟ್ರು ಅದನ್ನು ಕುಡಿದರು.

ಬಸ್ಸಿನಲ್ಲಿ ಅವರ ಮುಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಬುತ್ತಿ ಇಟ್ಟುಕೊಂಡು ಕೂತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಹಿಂದಕ್ಕೆ ತಿರುಗಿದಳು.

‘ನಾನು ಮಾದೇವಯ್ಯನ ಎಂಡ್ರು ಬುದ್ಧಿ, ಮಾಯಮ್ಮ. ನನ್ ಗಂಡನ್ನ ಉಳಿಸ್ಕೊಟ್ರಿ. ನಿಮ್ಮೊಟ್ಟೆ ತಣ್ಣಗಿರ್ಲಿ.’

‘ಎಲ್ಲಿಗಮ್ಮ ಹೊರಟೆ?’

‘ಮಂಡ್ಯ ಆಸ್ಪತ್ರೆಗೆ. ಮರಿಸಿದ್ದ ನನ್ ತಮ್ಮ ಅಲ್ವರಾ. ಕೈಯೆರಡೂ ಬಟ್ಟೆ ಸುತ್ತವ್ರೆ, ನಾನೇ ತುತ್ತಿಕ್ಕಬೇಕು.’ ಅವಳು ಬುತ್ತಿಯ ಗಂಟನ್ನು ಸರಿ ಮಾಡಿಕೊಂಡಳು. ‘ಓದ ತಕ್ಸಣ ಕೇಳ್ತಾನೆ, ಪಂಚಾಯ್ತೀಲಿ ಏನಾಯ್ತಕ್ಕ ಅಂತ. ಎತ್ತು ಬಿಚ್ಚಾಕೋಗಿ ಬೆಂದೋನು ಅವ್ನು. ದೀಪ ಎಸ್ದದ್ದ ಕಣ್ಣಲ್ಲಿ ಕಂಡೋನು. ಅವ್ನಿಗೆ ಏನಂತ ಯೋಳ್ಲಿ ಬುದ್ಧಿ? ತಟ್ಟೆ ಬಿತ್ತಂತೆ ಕಣ್ಲಾ, ಯಾರ್ದೂ ತಪ್ಪಿಲ್ವಂತೆ ಅಂತ ಯೋಳ್ಲಾ?’

ಮೇಷ್ಟ್ರು ಕಿಟಕಿಯ ಕಡೆ ನೋಡಿದರು. ಹೊರಗೆ ಕಬ್ಬು, ಗದ್ದೆ, ಮತ್ತೆ ಕಬ್ಬು. ಈ ಲೆಕ್ಕದಲ್ಲಿ ಮರಿಸಿದ್ದಯ್ಯ ಎಂಬವನನ್ನು ತಾವು ಸೇರಿಸಿಯೇ ಇರಲಿಲ್ಲವೆಂಬುದು ಅವರಿಗೆ ಈಗ ಹೊಳೆಯಿತು. ಯಾರ ತಪ್ಪೂ ಇಲ್ಲದ ಬೆಂಕಿಯಲ್ಲಿ ಬೆಂದವನಿಗೆ ಯಾರು ಜವಾಬ್ದಾರಿ? ನಾಳೆಯಿಂದ ಗೌಡರು ಆಸ್ಪತ್ರೆಯ ಬಾಗಿಲಿಗೂ ಬರಬೇಕಿಲ್ಲ. ಬರಬೇಕಿಲ್ಲವೆಂದು ರುಜು ಹಾಕಿಕೊಟ್ಟವರು ತಾವೇ.

‘ಬೇರೆ ದಾರಿ ಇರಲಿಲ್ಲ ತಾಯಿ,’ ಎಂದರು.

ಮಾಯಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯದ್ದನ್ನು ಮೇಷ್ಟ್ರ ಹತ್ತಿರ ಕೇಳುವಂತೆ ಕೇಳಿದಳು:

‘ಇಲ್ದೇ ಇರೋ ತಟ್ಟೇನ ಇತ್ತು ಅಂದ್ರಿ, ಊರೆಲ್ಲ ಊಂ ಅಂತು. ನಿಮ್ ಬಾಯಿಗೆ ಅಷ್ಟು ಬೆಲೆ ಅದೆ. ಇದ್ದದ್ದನ್ನೇ ಇತ್ತು ಅಂದಿದ್ರೆ ಅನ್ನಾಕಿಲ್ವರಾ ಊಂ ಅಂತ?’

ಮದ್ದೂರು ಬಂತು. ಮೇಷ್ಟ್ರು ಚೀಲ ಹಿಡಿದು ಎದ್ದರು. ಇಳಿದ ಮೇಲೆ ತಿರುಗಿ ನೋಡಿದರೆ ಅವಳು ಇವರನ್ನು ನೋಡುತ್ತಿರಲಿಲ್ಲ, ಬುತ್ತಿ ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಬಸ್ಸು ಮಂಡ್ಯದ ಕಡೆ ಹೊರಟಿತು.

ಮನೆಯ ಬಾಗಿಲಲ್ಲಿ ರಂಗನಾಯಕಿ ಚೊಂಬು ಹಿಡಿದು ನಿಂತಿದ್ದಳು. ‘ಏನಂತೆ ಇವತ್ತು? ಶುಕ್ರನೋ, ಪೆಟ್ರೋಮ್ಯಾಕ್ಸೋ?’

‘ಪೆಟ್ರೋಮ್ಯಾಕ್ಸು,’ ಎಂದರು ಮೇಷ್ಟ್ರು.

ಎಷ್ಟು ಸಲೀಸಾಗಿ ಬಾಯಿಗೆ ಬಂತು ಆ ಮಾತು. ಅರಳಿಕಟ್ಟೆಯಲ್ಲಿ ಇಡೀ ಊರು ಬಾಯಿ ನೋಡುತ್ತಿದ್ದಾಗ ಬಾರದ್ದು, ಹೆಂಡತಿಯ ಹೊರತು ಕೇಳುವವರು ಯಾರೂ ಇಲ್ಲದ ತಮ್ಮ ಹೊಸ್ತಿಲಲ್ಲಿ ತಾನಾಗಿ ಬಂತು. ರಂಗನಾಯಕಿ ನಕ್ಕಳು. ‘ನಂಗೆ ಗೊತ್ತಿತ್ತು ಬಿಡಿ,’ ಎಂದು ನೀರಿನ ಚೊಂಬು ಮುಂದೆ ಹಿಡಿದಳು. ಮೇಷ್ಟ್ರು ಚಪ್ಪಲಿ ಬಿಡಲಿಲ್ಲ. ಚೀಲವನ್ನೂ ಹೆಗಲಿಂದ ಇಳಿಸಲಿಲ್ಲ.

‘ಯಾಕ್ರೀ, ಒಳಗೆ ಬನ್ನಿ,’ ಎಂದಳು ಅವಳು.

‘ಮಂಡ್ಯಕ್ಕೆ ಇನ್ನೂ ಬಸ್ಸಿದೆ ಅಲ್ಲವೇ?’ ಎಂದು ಕೇಳಿ, ಮೇಷ್ಟ್ರು ಅಲ್ಲೇ ನಿಂತಿದ್ದರು.