ಅಳಿಯ ಹೊಡೆದ ಹಂದಿ

ಇದು ನಡೆದದ್ದು ನಡೆದ ಹಾಗೇ. ನಾನಾಗಿ ಸೇರಿಸಿದ್ದು ಉಪ್ಪು ಮಾತ್ರ. ಹಂದಿಮಾಂಸದ ವಿಷಯಕ್ಕೆ ಅಷ್ಟಾದರೂ ಬೇಕು.

ನೆಚಸ್ ಹೊಳೆಯ ತಗ್ಗಿನಲ್ಲಿರುವ ವರ್ಲನ್ ಟ್ರಾಮೆಲ್‌ನ ಹುಲ್ಲುಗಾವಲನ್ನು ಆ ಫೆಬ್ರವರಿಯಲ್ಲಿ ಕಾಡುಹಂದಿಗಳು ಉತ್ತಿದ್ದ ರೀತಿ ನೋಡಿದರೆ, ಇನ್ನು ಬೀಜ ಎರಚುವುದೊಂದೇ ಬಾಕಿ ಅನಿಸುತ್ತಿತ್ತು. ವರ್ಲನ್ ಎಪ್ಪತ್ತು ದಾಟಿದ ಮನುಷ್ಯ. ಕಣ್ಣು ಮಬ್ಬು, ಕಿವಿ ಅದಕ್ಕಿಂತ ಮಬ್ಬು, ನಾಲಿಗೆ ಮಾತ್ರ ನಿನ್ನೆ ತಾನೇ ಸಾಣೆ ಹಿಡಿಸಿದ್ದು. ಅವನ ಹತ್ತಿರ ಹಳೆಯದೊಂದು ಥರ್ಟಿ-ಥರ್ಟಿ ಕೋವಿ ಇತ್ತು. ಬೆರಳಿಂದ ಎಳೆಯುವ ಕುದುರೆಯ ಸುತ್ತ ಬಳೆಯಂಥ ಕಬ್ಬಿಣದ ಸನ್ನೆ. ಅದನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ‘ಕ್ರಿಚಕ್’ ಅಂತ ಒಳಗಿನ ತೋಟಾ ಹೊರಕ್ಕೆ ಹಾರುತ್ತದೆ, ಹೊಸದು ಅದರ ಜಾಗಕ್ಕೆ ಏರುತ್ತದೆ. ಕೆಲಸ ಅಷ್ಟೇ. ಆಮೇಲೆ ಈಡು ಹಾರಬೇಕಾದರೆ ಕುದುರೆ ಎಳೆಯಬೇಕು.

ಆ ಕೋವಿಗೆ ಎಣ್ಣೆ ಹಚ್ಚಿ, ನಳಿಗೆ ತಿಕ್ಕಿ, ಸನ್ನೆ ಆಡಿಸಿ ನೋಡಿ ಮತ್ತೆ ಗೂಟಕ್ಕೆ ಸಿಗಿಸುವ ಕೆಲಸ ಅಳಿಯ ಡೆವಿಟ್‌ನದು. ಮದುವೆಯಾದಾಗಿನಿಂದ ಅವನದೇ. ಹೊಡೆಯುವ ಕೆಲಸ ಮಾತ್ರ ಮಾವನದು. ಡೆವಿಟ್ ಹ್ಯೂಸ್ಟನ್ ಕಡೆಯವನು. ವರ್ಲನ್ ಅವನನ್ನು ಇವತ್ತಿಗೂ ‘ಪೇಟೆ ಅಳಿಯ’ ಅಂತಲೇ ಕರೆಯುವುದು. ಪಕ್ಕದ ಜಮೀನಿನವನಾದ ನಾನು ಇಬ್ಬರಿಗೂ ಬೇಕಾದವನು. ಕಾಲೇಜಿನಲ್ಲಿ ಭಾಷಣಕಲೆ ಕಲಿಸುತ್ತೇನೆ, ಹಾಗಾಗಿ ಮುದುಕನ ಬಾಯಲ್ಲಿ ನಾನು ‘ಮೇಷ್ಟ್ರು’.

ಆ ಶನಿವಾರ ಬೆಳಗ್ಗೆ ಬೇಟೆ ಗುಡಿಸಲಲ್ಲಿ ಕಾಫಿ ಹೀರುತ್ತ ವರ್ಲನ್ ಶುರುಮಾಡಿದ.

“ನೋಡಯ್ಯಾ ಪೇಟೆ ಅಳಿಯ, ನನ್ನ ಕಣ್ಣಿಗೆ ಆ ಕೋವಿಯ ಗುರಿ ಸಿಗ್ತಾ ಇಲ್ಲ. ಇವತ್ತು ನೀನು ಹೊತ್ಕೋ. ಹಂದಿ ಕೆಡವಿದ್ರೆ ಕೋವಿ ನಿಂದು. ಇಲ್ದಿದ್ರೆ ನಾಳೆ ಊಟಕ್ಕೆ ಬೋಮಾಂಟಿಂದ ನನ್ನ ತಮ್ಮನ ಮಗ ಬರ್ತಾನಲ್ಲ, ಅವನ ಗಾಡಿಗೆ.”

“ಅವನು ಅದನ್ನ ಗೋಡೆಗೆ ನೇತುಹಾಕ್ತಾನೆ ಮಾವ! ಹೆಂಡದ ಬಾಟ್ಲಿಗಳ ಮೇಲೆ! ಅಲಂಕಾರಕ್ಕೆ!”

“ಗೋಡೆ ಗುರಿ ತಪ್ಪಲ್ಲ. ನೀನು ತಪ್ತೀಯ. ತಪ್ಪಿದ್ರೆ ಗೊತ್ತಲ್ಲ?”

ಗೊತ್ತಿರದೆ ಏನು. ಈ ಗುಡಿಸಲಲ್ಲಿ ಈಡು ತಪ್ಪಿಸಿದವನ ಅಂಗಿಯ ಹಿಂದಿನ ಬಾಲವನ್ನು ಕತ್ತರಿಸಿ, ಹೆಸರು ಬರೆದು, ಗೋಡೆಗೆ ಮೊಳೆ ಹೊಡೆಯುತ್ತಾರೆ. ಚೌಕುಳಿ, ಗೀಟು, ಹೂವಿನದು, ಗೋಡೆಯೆಲ್ಲ ದರ್ಜಿ ಅಂಗಡಿ. ನನ್ನವೇ ಮೂರಿವೆ. ವರ್ಲನ್‌ನದು ಒಂದೂ ಇರಲಿಲ್ಲ. ಇದನ್ನು ಅವನು ಊಟದ ಮುಂಚಿನ ಪ್ರಾರ್ಥನೆಯ ಜೊತೆಗೇ ಹೇಳಿಕೊಳ್ಳುತ್ತಿದ್ದ.

ಮಂಜು ಹಾಲಿನ ಕೆನೆಯ ಹಾಗೆ ಕೂತಿತ್ತು. ನಾನೂ ಡೆವಿಟ್ಟೂ ಹೊಳೆಬದಿಯ ಮರದ ಬುಡದಲ್ಲಿ ಕುಳಿತೆವು. ವರ್ಲನ್ ತನ್ನ ದಪ್ಪ ನಳಿಗೆಯ ಹನ್ನೆರಡು ಬೋರಿನ ಕೋವಿ ಹಿಡಿದು ಹುಲ್ಲುಗಾವಲಿನ ಅಂಚಿಗೆ, ಪೆಕಾನ್ ಮರದ ಹತ್ತಿರ ಹೋದ. ಓಡಿಬಂದದ್ದನ್ನು ತಡೆಯುತ್ತಾನಂತೆ. ಕಿವಿಯ ಯಂತ್ರ ಟ್ರಕ್ಕಿನಲ್ಲೇ ಮರೆತಿದ್ದ.

“ಕೈ ನಡುಗ್ತಿದೆ ಕಣೋ,” ಅಂದ ಡೆವಿಟ್.

ನಾನು ಕೆನ್ನೆಯಲ್ಲಿ ಹೊಗೆಸೊಪ್ಪು ಇಟ್ಟವನ ಹಾಗೆ ದವಡೆ ಊದಿಸಿ ವರ್ಲನ್‌ನ ದನಿ ತೆಗೆದೆ. “ನಡುಗೋ ಕೈಯಲ್ಲಿ ಹಾಲು ಕರಿಯಯ್ಯಾ ಪೇಟೆ ಅಳಿಯ, ಎರಡು ಲೋಟ ಜಾಸ್ತಿ ಬರುತ್ತೆ.”

“ಸುಮ್ನಿರೋ ಮಾರಾಯ, ಜೀವ ಹೋಗ್ತಿದೆ.”

ಅಷ್ಟರಲ್ಲಿ ಬಂದವು. ಮೊದಲು ಗುರ್‌ಗುರ್ ಸದ್ದು, ಆಮೇಲೆ ಕಪ್ಪು ಬೆನ್ನುಗಳು. ಮುಂದೆ ಕೋರೆಹಲ್ಲಿನ ದೊಡ್ಡ ಗಂಡು, ಹಿಂದೆ ಹೆಣ್ಣುಗಳು, ಮರಿಗಳು. ಡೆವಿಟ್ ಎದ್ದು ನಿಂತ. ಕೋವಿಯನ್ನು ಹೆಗಲಿಗೆ ಒತ್ತಿದ. ‘ಹೋಯ್!’ ಅಂತ ಕೂಗಿ ಸನ್ನೆ ಆಡಿಸಿದ. ಕ್ರಿಚಕ್. ಮತ್ತೆ ಆಡಿಸಿದ. ಕ್ರಿಚಕ್. ವರ್ಷಗಟ್ಟಲೆ ಎಣ್ಣೆ ಹಚ್ಚಿದ ಕೈ ತನಗೆ ಗೊತ್ತಿದ್ದದ್ದನ್ನು ಮಾಡಿತು. ಕ್ರಿಚಕ್, ಕ್ರಿಚಕ್. ತೋಟಾಗಳು ಒಂದೊಂದಾಗಿ ಕೋವಿಯ ತಲೆಯಿಂದ ಹಾರಿ, ಒಂದು ನನ್ನ ಟೋಪಿಗೆ ಬಡಿದು, ಎಲ್ಲ ತರಗೆಲೆಗೆ ಬಿದ್ದವು. ಒಂದಾದರೂ ಸಿಡಿದಿದ್ದರೆ ಕೇಳಿ. ಕುದುರೆಯ ಮೇಲೆ ಬೆರಳೇ ಹೋಗಿರಲಿಲ್ಲ.

ಆ ಗಲಾಟೆಯ ನಡುವೆ ಎಲ್ಲಿಂದಲೋ ‘ಢಮಾರ್!’ ಅಂತು. ಮಂಜಿನಲ್ಲಿ ಸದ್ದು ಯಾವ ಕಡೆಯದು ಅಂತ ಹೇಳುವುದು ಕಷ್ಟ. ಹಂದಿಗಳು ದಿಕ್ಕಾಪಾಲು. ಹುಲ್ಲುಗಾವಲಿನ ನಡುವೆ ಒಂದು ಹೆಣ್ಣುಹಂದಿ ಅಡ್ಡ ಬಿದ್ದಿತ್ತು.

“ಬಿತ್ತು! ಬಿತ್ತು ಕಣೋ! ನಾನು ಹೊಡೆದೆ!” ಡೆವಿಟ್ ಕುಣಿದ. “ಎಷ್ಟು ಈಡು ಹೋಯ್ತು?”

ಅವನು ಹಂದಿಯ ಕಡೆ ಓಡಿದಾಗ ನಾನು ತರಗೆಲೆ ಕೆದಕಿ ಆರೂ ತೋಟಾ ಆರಿಸಿ ಜೇಬಿಗೆ ಇಳಿಸಿದೆ. ಹೊಸ ಹಿತ್ತಾಳೆ, ತುದಿಯಲ್ಲಿ ಗುಂಡು ಹಾಗೇ. ಒಂದು ಗಳಿಗೆಯಷ್ಟೇ ಸತಾಯಿಸಿ ಹೇಳಿಬಿಡೋಣ ಅಂದುಕೊಂಡಿದ್ದೆ.

“ಆರು!” ಅಂದೆ ಹಿಂದೆಯೇ ಓಡಿ. “ಮೊದಲನೇದು ಢಂ. ಎರಡನೇದು ಢಢಂ. ಮೂರನೇದಕ್ಕೆ ಸ್ವಲ್ಪ ನೆಗಡಿ, ಢೊಂಯ್ ಅಂತು. ನನ್ನ ಕಿವಿ ಇನ್ನೂ ಗುಂಯ್‌ಗುಡ್ತಿದೆ.”

“ನನಗೊಂದೇ ಕೇಳಿದ ಹಾಗಾಯ್ತಲ್ಲ?”

“ಹೊಡೆಯೋನಿಗೆ ಎಲ್ಲ ಸೇರಿ ಒಂದೇ ಕೇಳೋದು.”

ವರ್ಲನ್ ಕಾಲೆಳೆಯುತ್ತ ಬಂದ. ಅವನ ಮೈಯಲ್ಲಿ ಮದ್ದಿನ ವಾಸನೆ ಹೊಡೆಯುತ್ತಿತ್ತು. ತಾನು ಈಡು ಹಾರಿಸಿದ ವಿಷಯ ಮಾತ್ರ ಬಾಯಿ ಬಿಡಲಿಲ್ಲ. ನನಗೆ ಅರ್ಥವಾಯಿತು: ಮುದುಕ ದೊಡ್ಡ ಗಂಡಿಗೆ ಗುರಿಯಿಟ್ಟಿದ್ದಾನೆ, ಅದು ಓಡಿದ್ದನ್ನು ನೋಡಿದ್ದಾನೆ, ತಪ್ಪಿತು ಅಂದುಕೊಂಡು ಅಂಗಿಯ ಬಾಲವನ್ನು ಭದ್ರವಾಗಿ ಪ್ಯಾಂಟಿನೊಳಗೆ ತುರುಕಿಕೊಂಡು ಬಂದಿದ್ದಾನೆ.

“ಆರು ಈಡಂತೆ, ಯಜಮಾನ್ರೇ,” ಅಂದೆ.

“ನಂಗೊಂದೂ ಕೇಳ್ಲಿಲ್ಲ.”

“ಯಂತ್ರ ಟ್ರಕ್ಕಲ್ಲಿದೆಯಲ್ಲ.”

ಅವನು ಹಂದಿಯ ಸುತ್ತ ಒಂದು ಸುತ್ತು ಬಂದ. “ಒಂದು ತೂತು. ಹಂಗಾದ್ರೆ ಐದು ತಪ್ಪಿದ್ದು. ಐದು ಬಾಲ ಕೊಡಪ್ಪ.”

“ಒಂದು ಅಂಗಿಗೆ ಒಂದೇ ಬಾಲ ಅಲ್ವಾ ಮಾವ?”

“ನಾಕು ಅಂಗಿ ಮನೆಯಿಂದ ತರ್ಸು.”

ಸಂತೋಷಪಡಬೇಕಾದ ಡೆವಿಟ್ ಹುಬ್ಬು ಗಂಟಿಕ್ಕಿದ್ದ. ಹೆಗಲು ಮುಟ್ಟಿಕೊಂಡ. “ನೋವೇ ಇಲ್ಲ ಕಣೋ. ಆರು ಈಡು ಒದ್ದ ಹೆಗಲು ಹೀಗಿರುತ್ತಾ?” ಆಮೇಲೆ ಮರದ ಬುಡಕ್ಕೆ ಹೋಗಿ ಖಾಲಿ ತೋಟಾ ಹುಡುಕಿದ. ಮಂಡಿಯೂರಿ ಎಲೆ ಎಲೆ ಎತ್ತಿ ನೋಡಿದ. “ಒಂದು ಖಾಲಿಯೂ ಇಲ್ವಲ್ಲ!”

“ಹಂದಿ ಏನು ಬಿಡುತ್ತೆ? ತಿಂದಿರುತ್ತೆ.”

ತಮಾಷೆಗೆ ಅಂದದ್ದು. ಆದರೆ ಗುಡಿಸಲ ಹಿಂದೆ ಹಂದಿಯನ್ನು ತೂಗುಹಾಕಿ ಹೊಟ್ಟೆ ಸೀಳಿದಾಗ ಡೆವಿಟ್ ಮೊಣಕೈವರೆಗೂ ಅಂಗಿಯ ತೋಳು ಮಡಿಸಿ ಜಠರದೊಳಗೆ ಕೈಬಿಟ್ಟು ಹುಡುಕಿದ! ಓಕ್ ಕಾಯಿ ಸಿಕ್ಕಿತು, ಬೇರು ಸಿಕ್ಕಿತು. ನಾನು ತುಟಿ ಕಚ್ಚಿ ಆಕಾಶ ನೋಡಿದೆ. ಹಂದಿ ಸತ್ತ ಮೇಲೆ ಎದ್ದು ಹೋಗಿ ತಿಂದು ಬಂತೇ ಅಂತ ಅವನಿಗೆ ಹೊಳೆಯಲೇ ಇಲ್ಲ. ಗೊಂದಲದಲ್ಲಿ ಬಿದ್ದವನಿಗೆ ಹಗ್ಗ ಎಸೆದರೆ ಅದನ್ನೂ ಹಾವೋ ಏನೋ ಅಂತ ತಿರುಗಿಸಿ ತಿರುಗಿಸಿ ನೋಡುತ್ತಾನೆ.

ಆಮೇಲೆ ಪಕ್ಕೆಯಿಂದ ಗುಂಡು ಹೊರಬಂತು. ಹೆಬ್ಬೆರಳು ಗಾತ್ರದ ಸೀಸದ ಉಂಡೆ. ಡೆವಿಟ್ ಅದನ್ನು ತೊಳೆದು, ತನ್ನ ಕೋವಿ ತಂದು, ನಳಿಗೆಯ ಬಾಯಿಗೆ ಇಟ್ಟು ನೋಡಿದ. ಗೋಲಿಸೋಡಾ ಬಾಟಲಿಗೆ ಕಲ್ಲಂಗಡಿ ಇಟ್ಟ ಹಾಗಿತ್ತು.

“ಇದು... ಇದರೊಳಗಿಂದ ಬಂತಾ?”

ವರ್ಲನ್ ಉಂಡೆಯನ್ನು ಇಸಕೊಂಡು ಕಣ್ಣಿನ ಹತ್ತಿರ ತಂದ. ಅದು ತನ್ನ ಹನ್ನೆರಡು ಬೋರಿನ ಉಂಡೆ ಅಂತ ಅವನಿಗೆ ಬೆರಳಿಗೇ ತಿಳಿಯಿತು. ‘ನನ್ನ ಹಂದಿ’ ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಮಾನವೂ ಉಳಿಯುತ್ತಿತ್ತು, ಅಂಗಿಯೂ ಉಳಿಯುತ್ತಿತ್ತು. ಮುದುಕ ಅಳಿಯನ ಮುಖ ನೋಡಿದ, ಕೋವಿ ನೋಡಿದ, ನನ್ನ ಕಡೆ ಒಂದು ಸಲ ನೋಡಿದ.

“ಸೀಸ ಹಿಗ್ಗುತ್ತೆ,” ಅಂದ. “ಮೂಳೆಗೆ ಬಡಿದ್ರೆ ಹಿಗ್ಗುತ್ತೆ. ಅಲ್ವಾ ಮೇಷ್ಟ್ರೇ?”

ಈಗ ತಲೆಕೆಟ್ಟದ್ದು ನನಗೆ. ಕೀಟಲೆ ನನ್ನದು; ಇವನು ಯಾಕೆ ಅದಕ್ಕೆ ಹೆಗಲು ಕೊಡುತ್ತಿದ್ದಾನೆ?

“ಹಿಗ್ಗುತ್ತೆ, ಹಿಗ್ಗುತ್ತೆ,” ಅಂದೆ.

ಒಳಗೆ ಮೇಜಿನ ಮೇಲೆ ಜೋಳದ ರೊಟ್ಟಿ, ಹುರುಳಿಕಾಯಿ ಆರುತ್ತಿದ್ದವು. ಡೆವಿಟ್ ತಿನ್ನದೆ ಕೋವಿ ತಿಕ್ಕಲು ಕುಳಿತ. ಬಿಳಿ ಬಟ್ಟೆಯ ತುಂಡನ್ನು ನಳಿಗೆಯಲ್ಲಿ ತೂರಿಸಿ ಎಳೆದ. ಮಸಿ ಇಲ್ಲ. ಮಲ್ಲಿಗೆಯಷ್ಟು ಬೆಳ್ಳಗೆ ಹೊರಬಂತು. ಅದನ್ನೇ ನೋಡುತ್ತ ಕುಳಿತ. ಆಮೇಲೆ ಎದ್ದು ಕೋವಿಯನ್ನು ಮಾವನ ಮುಂದೆ ಇಟ್ಟ.

“ಮಾವ, ಇದು ನಿಮ್ಮಲ್ಲೇ ಇರಲಿ. ನಾಳೆ ಬೇಕಾದ್ರೆ ಬೋಮಾಂಟಿನವನಿಗೆ ಕೊಡಿ. ನನಗೆ ಎಷ್ಟು ಆಸೆ ಅಂತ ನಿಮಗೆ ಗೊತ್ತು. ಆದ್ರೆ ಒಂದೇ ಒಂದು ಈಡಿನ ಒದೆತವೂ ನೆನಪಾಗ್ತಿಲ್ಲ. ಹೆಂಗೆ ಹೊಡೆದೆ ಅಂತ ಗೊತ್ತಿಲ್ಲದ ಹಂದಿ ತೋರ್ಸಿ ಕೋವಿ ಇಸ್ಕೊಳ್ಳೋಕೆ ಮನಸ್ಸು ಬರಲ್ಲ. ನನಗೇನೋ ಆಗಿದೆ.”

ಜೇಬಿನ ತೋಟಾಗಳು ನನ್ನ ತೊಡೆಯನ್ನು ಚುಚ್ಚತೊಡಗಿದವು. ಒಂದೊಂದಾಗಿ ತೆಗೆದು ಮೇಜಿನ ಮೇಲೆ ನಿಲ್ಲಿಸಿದೆ. ಆರು.

ಡೆವಿಟ್ ಒಂದನ್ನು ಎತ್ತಿ ಹಿಂಬದಿ ನೋಡಿದ. ಈಡು ಹಾರಿದಾಗ ಬೀಳುವ ಏಟಿನ ಗುರುತಿಲ್ಲ. ಇನ್ನೊಂದು. ಅದರಲ್ಲೂ ಇಲ್ಲ.

“ಹಾಗಾದ್ರೆ ನಾನು...”

“ನೀನು ಸನ್ನೆ ಮಾಡಿದೆ ಕಣೋ. ಬರೀ ಸನ್ನೆ. ಕೋವೀನ ಮಾತಾಡಿಸ್ಲೇ ಇಲ್ಲ.”

“ಹಂದಿ?”

ಇಬ್ಬರೂ ವರ್ಲನ್‌ನತ್ತ ತಿರುಗಿದೆವು. ಅವನು ಕೆಮ್ಮಿದ. “ನಾನು ಗುರಿ ಇಟ್ಟಿದ್ದು ದೊಡ್ಡದಕ್ಕೆ. ಈ ಮುಂಡೇದು ನಡುವೆ ಬಂತು.” ಎದ್ದು, ಪ್ಯಾಂಟಿನಿಂದ ಅಂಗಿಯ ಬಾಲ ಹೊರಗೆಳೆದು, ನಮಗೆ ಬೆನ್ನು ತಿರುಗಿಸಿ ನಿಂತ. “ಬೇಗ ಕತ್ತರ್ಸಿ, ಚಳಿ.”

ಕತ್ತರಿ ಹಿಡಿದ ಡೆವಿಟ್‌ನ ಕೈ ಆಡಲಿಲ್ಲ. “ಹಾಗಾದ್ರೆ ಸೀಸ ಹಿಗ್ಗುತ್ತೆ ಅಂತ ಯಾಕಂದ್ರಿ ಮಾವ?”

“ಅಂದೆ, ಅಂದೆ. ಅವನು ಗೋಡೆಗೆ ಹಾಕ್ತಾನಯ್ಯಾ, ಬಾಟ್ಲಿಗಳ ಮೇಲೆ.” ಗೋಡೆಯ ಕಡೆ ಮುಖ ಮಾಡಿಯೇ ಮಾತಾಡಿದ. “ನೀನೇ ತಗೊಂಡೋಗು. ಸನ್ನೆ ಆಡ್ಸೋದು ಚೆನ್ನಾಗಿ ಬರುತ್ತೆ ನಿಂಗೆ. ಅದರೊಳಗೆ ಸಣ್ಣದೊಂದು ಕುದುರೆ ಇದೆ, ಡೆವಿಟ್. ಅದು ಸಿಗೋವರ್ಗೂ ನಿನ್ನ ಮನೇಲೇ ಇರ್ಲಿ. ನಾಳೆ ಬರೋನು ಮಾಂಸ ತಿಂದು ಹೋಗ್ತಾನೆ.”

ಡೆವಿಟ್‌ನಿಂದ ಮೊದಲು ಬಿಕ್ಕಳಿಕೆಯಂಥದ್ದೇನೋ ಹೊರಟಿತು. ಅಳುತ್ತಾನೆ ಅಂದುಕೊಂಡೆ. ಆಮೇಲೆ ಭುಜ ಕುಲುಕಿತು, ಕತ್ತರಿ ಕೆಳಗೆ ಬಿತ್ತು, ಮನುಷ್ಯ ಬೆಂಚಿನ ಮೇಲೆ ಕುಸಿದ. “ಹೊಟ್ಟೆ... ಹೊಟ್ಟೆಯೊಳಗೆ ಕೈ ಹಾಕಿ ಹುಡುಕಿದೆನಲ್ಲೋ!” ಅಂತ ಮೇಜು ಗುದ್ದಿದ, ತೋಟಾಗಳೆಲ್ಲ ಉರುಳಿದವು. ವರ್ಲನ್ ಅಂಗಿ ಹಿಡಿದುಕೊಂಡೇ ಕಿಸಕ್ಕೆಂದ. ನಾನೂ ನಕ್ಕೆ. ಆದರೆ ನಮ್ಮಿಬ್ಬರ ನಗೆಯನ್ನು ಸೇರಿಸಿ ತೂಗಿದರೂ ಡೆವಿಟ್‌ನದೇ ಭಾರ. ಯಂತ್ರವಿಲ್ಲದ ವರ್ಲನ್‌ನ ಕಿವಿಗೂ ಅದು ಕೇಳಿಸಿತು.